ಕೊಟ್ಟಿಗೆಯ ತೊಂದರೆಯೇ ಉದ್ಯಮದ ಮೊದಲ ಬಂಡವಾಳ



ಈ ತಿಂಗಳ ಪಾಠ ಯಾವುದೋ ಒಂದು ರೋಗದ ಬಗ್ಗೆ ಅಲ್ಲ. 'ಸ್ಟಾರ್ಟ್‌ಅಪ್' ಎಂಬ ಮಾತನ್ನು ನೀವು ಟಿ.ವಿ.ಯಲ್ಲೋ ಮಕ್ಕಳ ಬಾಯಲ್ಲೋ ಕೇಳಿರುತ್ತೀರಿ. ಅದು ಬೆಂಗಳೂರಿನ ಗಾಜಿನ ಕಟ್ಟಡದವರ ಮಾತು, ಸಗಣಿ ಬಾಚುವ ನಮಗೇಕೆ ಎಂದು ಬಿಟ್ಟುಬಿಡಬೇಡಿ. ಅದರ ಅರ್ಥ ಸರಳ. ಹತ್ತಾರು ಮನೆಗಳಿಗೆ ಇರುವ ಒಂದೇ ತೊಂದರೆಯನ್ನು ಹೊಸ ದಾರಿಯಲ್ಲಿ ಬಗೆಹರಿಸಬೇಕು, ಆ ಕೆಲಸಕ್ಕೆ ಹಣ ಪಡೆಯಬೇಕು, ಅದನ್ನೇ ಮತ್ತೆ ಮತ್ತೆ ಮಾಡಿಕೊಡುವ ವ್ಯವಸ್ಥೆ ಕಟ್ಟಬೇಕು. ಹಣ ಆಮೇಲೆ ಬರುತ್ತದೆ, ಮೊಬೈಲ್ ಆಪ್ ಅದಕ್ಕೂ ಆಮೇಲೆ. ಮೊದಲು ಬೇಕಾದದ್ದು ತೊಂದರೆಯನ್ನು ಹತ್ತಿರದಿಂದ ಕಂಡವರು. ಬೆಳಗಿನ ಜಾವ ಎದ್ದು ಕೊಟ್ಟಿಗೆಗೆ ಹೋಗುವ ನಿಮಗಿಂತ ಕೊಟ್ಟಿಗೆಯ ತೊಂದರೆ ಬಲ್ಲವರು ಬೇರೆ ಯಾರಿದ್ದಾರೆ?

ಈ ಮಾತು ಈಗ ಏಕೆ?

ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಈ ಊರಿನಲ್ಲಿ ಹೆಣ್ಣು ಕೊಡುವ ಮೊದಲು ಕೇಳುತ್ತಿದ್ದ ಪ್ರಶ್ನೆ 'ಹುಡುಗ ಕಬ್ಬಿಣದ ಕಾರ್ಖಾನೆಯೋ, ಕಾಗದದ ಕಾರ್ಖಾನೆಯೋ' ಎಂಬುದಾಗಿತ್ತು. ಎಂ.ಪಿ.ಎಂ.ನಲ್ಲಿ ಕಾಗದ ತಯಾರಿಕೆ ನಿಂತು ವರ್ಷಗಳೇ ಕಳೆದವು. 2023ರ ಜನವರಿಯಲ್ಲಿ ವಿ.ಐ.ಎಸ್.ಎಲ್. ಮುಚ್ಚುವ ಸುದ್ದಿ ಬಂದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಹೋರಾಡಿದ್ದನ್ನು ನೀವೆಲ್ಲ ಕಂಡಿದ್ದೀರಿ. ಗಂಡಸರ ಸಂಬಳ ನಿಂತ ಮನೆಗಳಲ್ಲಿ ಹಾಲಿನ ಬಟವಾಡೆಯೇ ಅಕ್ಕಿ, ಶಾಲೆ ಫೀಸು, ಔಷಧಿಗೆ ಆಧಾರವಾಯಿತು. ಆ ಬಟವಾಡೆಯ ಹಿಂದಿನ ದುಡಿಮೆ ಬಹುಪಾಲು ನಿಮ್ಮದು.

ಆದರೆ ಹಾಲಿನ ದರ ನಮ್ಮ ಕೈಯಲ್ಲಿಲ್ಲ. ಹಿಂಡಿ, ಬೂಸಾ ಬೆಲೆಯೂ ನಮ್ಮ ಕೈಯಲ್ಲಿಲ್ಲ. ಎರಡು ಹಸುವನ್ನು ನಾಲ್ಕು ಮಾಡಿದರೆ ಆದಾಯದ ಜೊತೆಗೆ ನಿಮ್ಮ ಬೆನ್ನು ನೋವೂ ಎರಡರಷ್ಟಾಗುತ್ತದೆ. ಹಸುವಿನ ಸಂಖ್ಯೆ ಹೆಚ್ಚಿಸದೆ ಆದಾಯ ಹೆಚ್ಚಿಸುವ ದಾರಿ ಎಂದರೆ ನಿಮಗಿರುವ ತಿಳಿವಳಿಕೆಯನ್ನೇ ಒಂದು ಸೇವೆಯನ್ನಾಗಿ, ಒಂದು ಸರಕನ್ನಾಗಿ ಮಾಡುವುದು. ಹಾಗೆ ಮಾಡಿದ ಮಹಿಳೆಯರ ಎರಡು ಉದಾಹರಣೆಗಳನ್ನು ಮೊದಲು ನೋಡೋಣ. ಆಮೇಲೆ ನಮ್ಮ ಊರಿನ ಲೆಕ್ಕಕ್ಕೆ ಬರೋಣ.

ಮೊದಲ ಉದಾಹರಣೆ: ಹಸು ಮಾರುವ ಕಷ್ಟ

ಹಸು ಮಾರಬೇಕೆಂದರೆ ಏನು ಮಾಡುತ್ತೇವೆ? ದಲ್ಲಾಳಿಗೆ ಹೇಳುತ್ತೇವೆ, ಇಲ್ಲವೇ ಸಂತೆಗೆ ಹೊಡೆದುಕೊಂಡು ಹೋಗುತ್ತೇವೆ. ಸಂತೆಗೆ ಹೋದ ಹಸುವನ್ನು ಸಂಜೆ ವಾಪಸು ತರುವ ಮನಸ್ಸಾಗದೆ ಸಿಕ್ಕ ಬೆಲೆಗೆ ಕೊಟ್ಟು ಬರುತ್ತೇವೆ. ಈ ಕಷ್ಟ ಉತ್ತರ ಭಾರತದ ಎಮ್ಮೆ ಸಾಕುವವರಿಗೂ ಹೀಗೆಯೇ ಇದೆ.

ರಾಜಸ್ಥಾನದ ಹೈನುಗಾರ ಕುಟುಂಬದಲ್ಲಿ ಬೆಳೆದ ನೀತು ಯಾದವ್ ಮತ್ತು ಅವರ ಗೆಳತಿ ಕೀರ್ತಿ ಜಾಂಗ್ರಾ ದೆಹಲಿಯ ಐ.ಐ.ಟಿ.ಯಲ್ಲಿ ಓದಿದವರು. 2019ರಲ್ಲಿ ಇವರು ಸಂಗಡಿಗರೊಂದಿಗೆ ಸೇರಿ ನಮ್ಮ ಬೆಂಗಳೂರಿನಲ್ಲೇ 'ಆನಿಮಾಲ್' ಎಂಬ ಮೊಬೈಲ್ ವೇದಿಕೆ ಶುರು ಮಾಡಿದರು. ಮಾರುವವರು ಅದರಲ್ಲಿ ಹಸು ಅಥವಾ ಎಮ್ಮೆಯ ಚಿತ್ರ ಹಾಕಿ, ಎಷ್ಟನೇ ಸೂಲು, ದಿನಕ್ಕೆ ಎಷ್ಟು ಹಾಲು, ಬೆಲೆ ಎಷ್ಟು ಎಂದು ತಿಳಿಸುತ್ತಾರೆ. ಕೊಳ್ಳುವವರು ನೇರವಾಗಿ ಫೋನ್ ಮಾಡುತ್ತಾರೆ. ಐ.ಐ.ಟಿ. ಓದಿದವರು ಎಮ್ಮೆ ವ್ಯಾಪಾರಕ್ಕೆ ಇಳಿಯುತ್ತಾರೆಂದು ಯಾರೂ ಎಣಿಸಿರಲಿಕ್ಕಿಲ್ಲ. ಆದರೆ ಆ ತೊಂದರೆ ಏನೆಂದು ಗೊತ್ತಿದ್ದದ್ದು ಹೈನುಗಾರರ ಮನೆಯ ಮಗಳಿಗೇ.

ಇದರಿಂದ ಕಲಿಯಬೇಕಾದ್ದು: ಎಲ್ಲರೂ 'ಇದು ಇರುವುದೇ ಹೀಗೆ' ಎಂದು ಒಪ್ಪಿಕೊಂಡ ಕಷ್ಟದಲ್ಲೇ ಉದ್ಯಮ ಅಡಗಿರುತ್ತದೆ.

ಪಶುವೈದ್ಯಾಧಿಕಾರಿಯಾಗಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಫೋನಿನಲ್ಲಿ ಹಸು ನೋಡಬಹುದು, ಫೋನಿನಲ್ಲೇ ಕೊಳ್ಳಬಾರದು. ಹಸು ಕಣ್ಣಿಗೆ ಬೀಳುವ ಮೊದಲು ಮುಂಗಡ ಹಣ ಕಳಿಸಬೇಡಿ. ಎರಡು ಹೊತ್ತು ನಿಂತು ಹಾಲು ಕರೆಸಿ ನೋಡಿ. ಕಿವಿಯೋಲೆಯ 12 ಅಂಕಿಯ ಸಂಖ್ಯೆ ಬರೆದುಕೊಳ್ಳಿ. ಗಬ್ಬ ಎಂದು ಹೇಳಿದರೆ ವೈದ್ಯರಿಂದ ಪರೀಕ್ಷೆ ಮಾಡಿಸಿ. ಕಂದು ರೋಗಕ್ಕೆ, ಎಂದರೆ ಬ್ರುಸೆಲ್ಲೋಸಿಸ್‌ಗೆ, ರಕ್ತ ಪರೀಕ್ಷೆ ಆಗದ ಹಸುವನ್ನು ನಿಮ್ಮ ಕೊಟ್ಟಿಗೆಗೆ ಕಟ್ಟಬೇಡಿ. ಆ ರೋಗ ಹಸುವಿನಿಂದ ಮನುಷ್ಯರಿಗೂ ಹರಡುತ್ತದೆ.

ಎರಡನೇ ಉದಾಹರಣೆ: ಹೇಳಿಕೊಳ್ಳಲಾಗದ ಕಾಯಿಲೆ

ಹೆಂಗಸರಿಗೆ ಬರುವ ಸ್ತನ ಕ್ಯಾನ್ಸರ್ ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ಆದರೂ ನಮ್ಮಲ್ಲಿ ಹೆಚ್ಚಿನವರು ಗಂಟು ದೊಡ್ಡದಾದ ಮೇಲೇ ಆಸ್ಪತ್ರೆಗೆ ಹೋಗುತ್ತಾರೆ. ಕಾರಣ ಹಣ ಒಂದೇ ಅಲ್ಲ. ನಾಚಿಕೆ ಇದೆ, ಮುಟ್ಟಿ ನೋಡುತ್ತಾರೆಂಬ ಸಂಕೋಚ ಇದೆ, ಮ್ಯಾಮೊಗ್ರಾಮ್ ಯಂತ್ರ ಒತ್ತುವಾಗ ಆಗುವ ನೋವಿನ ಭಯ ಇದೆ. ಆ ದೊಡ್ಡ ಯಂತ್ರ ಇರುವುದೂ ದೂರದ ಪಟ್ಟಣದಲ್ಲಿ.

ಬೆಂಗಳೂರಿನ ಕಂಪ್ಯೂಟರ್ ವಿಜ್ಞಾನಿ ಡಾ. ಗೀತಾ ಮಂಜುನಾಥ್ ತಮ್ಮ ಹತ್ತಿರದ ಸಂಬಂಧಿಕರಲ್ಲೇ ಚಿಕ್ಕ ವಯಸ್ಸಿನವರಿಗೆ ಈ ಕಾಯಿಲೆ ಬಂದದ್ದನ್ನು ಕಂಡವರು. ಅವರು 2016ರಲ್ಲಿ ನಿಧಿ ಮಾಥುರ್ ಅವರೊಂದಿಗೆ 'ನಿರಾಮೈ' ಸಂಸ್ಥೆ ಶುರು ಮಾಡಿದರು. ಇವರ ವಿಧಾನದಲ್ಲಿ ಒಂದು ಕ್ಯಾಮೆರಾ ದೂರದಿಂದಲೇ ಮೈಯ ಶಾಖದ ಚಿತ್ರ ತೆಗೆಯುತ್ತದೆ. ಮುಟ್ಟುವುದಿಲ್ಲ, ಒತ್ತುವುದಿಲ್ಲ, ಎಕ್ಸ್‌ರೇ ಕಿರಣವಿಲ್ಲ. ಆ ಚಿತ್ರವನ್ನು ಕಂಪ್ಯೂಟರ್ ಪರಿಶೀಲಿಸಿ ಯಾರಿಗೆ ಮುಂದಿನ ತಪಾಸಣೆ ಬೇಕೆಂದು ತೋರಿಸುತ್ತದೆ. ಕಾಯಿಲೆ ಇದೆಯೋ ಇಲ್ಲವೋ ಎಂದು ಖಚಿತ ಮಾಡುವವರು ವೈದ್ಯರೇ. ಕ್ಯಾಮೆರಾವನ್ನು ಶಿಬಿರಗಳಿಗೂ ಒಯ್ಯಬಹುದು.

ಇದರಿಂದ ಕಲಿಯಬೇಕಾದ್ದು: ಜನ ಒಂದು ಒಳ್ಳೆಯ ಕೆಲಸ ಮಾಡುತ್ತಿಲ್ಲ ಎಂದರೆ ಅವರಿಗೆ ಬುದ್ಧಿ ಹೇಳುವುದಕ್ಕಿಂತ, ಅವರನ್ನು ತಡೆಯುತ್ತಿರುವುದು ಏನೆಂದು ಹುಡುಕಿ ಆ ಅಡ್ಡಿಯನ್ನು ತೆಗೆಯಬೇಕು.

ಈ ಎರಡು ಪಾಠಗಳನ್ನು ಕೈಯಲ್ಲಿ ಹಿಡಿದು ಈಗ ನಮ್ಮ ಕೊಟ್ಟಿಗೆಗೆ ಬರೋಣ. ಶಿವಮೊಗ್ಗ ಮತ್ತು ಭದ್ರಾವತಿ ಸುತ್ತಮುತ್ತ ಯಾರಾದರೂ ಕೈಹಾಕಲಿ ಎಂದು ಕಾಯುತ್ತಿರುವ ಎರಡು ಕೆಲಸಗಳನ್ನು ಇಲ್ಲಿ ವಿವರಿಸುತ್ತೇನೆ.

ಕೆಲಸ 1: ಮನೆ ಬಾಗಿಲಲ್ಲಿ ಕೆಚ್ಚಲು ಬಾವು ಪರೀಕ್ಷೆ

ಕೆಚ್ಚಲು ಊದಿ, ಹಾಲು ಒಡೆದು ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗದ್ದು ಗುಪ್ತ ಕೆಚ್ಚಲು ಬಾವು. ಕೆಚ್ಚಲು ಚೆನ್ನಾಗಿಯೇ ಕಾಣುತ್ತದೆ, ಹಾಲೂ ಬೆಳ್ಳಗೇ ಇರುತ್ತದೆ. ಆದರೆ ಹಾಲಿನ ಪ್ರಮಾಣ ಸದ್ದಿಲ್ಲದೆ ಇಳಿಯುತ್ತದೆ, ಎಸ್.ಎನ್.ಎಫ್. ಕಡಿಮೆ ಬರುತ್ತದೆ. ಡೇರಿಯ ಯಂತ್ರವೇ ಸರಿಯಿಲ್ಲ ಎಂದು ಕಾರ್ಯದರ್ಶಿಯ ಮೇಲೆ ಸಿಟ್ಟಾಗುತ್ತೇವೆ.

ಇದನ್ನು ಪತ್ತೆ ಮಾಡುವ ಸಿ.ಎಂ.ಟಿ. ಪರೀಕ್ಷೆ ಬಹಳ ಸುಲಭ. ನಾಲ್ಕು ಬಟ್ಟಲಿರುವ ಒಂದು ತಟ್ಟೆ, ಒಂದು ಬಾಟಲಿ ದ್ರಾವಣ, ಇಷ್ಟೇ ಸಾಮಾನು. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆ ಬೇರೆ ಪಾತ್ರೆಗೆ ತೆಗೆದು, ಆಮೇಲಿನ ಹಾಲನ್ನು ಒಂದೊಂದು ಬಟ್ಟಲಿಗೆ ಕರೆಯಬೇಕು. ಹಾಲಿನಷ್ಟೇ ದ್ರಾವಣ ಹಾಕಬೇಕು. ತಟ್ಟೆಯನ್ನು ಹತ್ತು ಹದಿನೈದು ಸೆಕೆಂಡು ವೃತ್ತಾಕಾರವಾಗಿ ಅಲ್ಲಾಡಿಸಬೇಕು. ನೀರಿನಂತೆ ಹರಿದರೆ ಆ ಮೊಲೆ ಚೆನ್ನಾಗಿದೆ. ಲೋಳೆಯಂತೆ ಗಟ್ಟಿಯಾದರೆ ಆ ಮೊಲೆಯಲ್ಲಿ ಬಾವು ಇದೆ. ಕರು ಹಾಕಿದ ಮೊದಲ ವಾರ ಮತ್ತು ಹಾಲು ಬತ್ತಿಸುವ ಕೊನೆಯ ದಿನಗಳಲ್ಲಿ ಫಲಿತಾಂಶವನ್ನು ನಂಬುವಂತಿಲ್ಲ.

ಇಷ್ಟು ಸುಲಭವಾದದ್ದನ್ನು ಯಾರೂ ಏಕೆ ಮಾಡಿಸುವುದಿಲ್ಲ? ಹಾಲು ಕರೆಯುವ ಹೊತ್ತಿಗೆ ಡಾಕ್ಟರು ಪ್ರತಿ ಮನೆಯಲ್ಲೂ ಇರಲು ಸಾಧ್ಯವಿಲ್ಲ. ರೋಗ ಕಾಣದ ಹಸುವಿಗೆ ಡಾಕ್ಟರನ್ನು ಕರೆಯುವವರೂ ಇಲ್ಲ. ಅಡ್ಡಿ ಇರುವುದು ಇಲ್ಲಿ. ಊರಿನದೇ ಒಬ್ಬ ಮಹಿಳೆ ತಿಂಗಳಿಗೊಮ್ಮೆ ಹಾಲು ಕರೆಯುವ ಹೊತ್ತಿಗೆ ಮನೆ ಮನೆಗೆ ಬಂದರೆ ಆ ಅಡ್ಡಿ ಹೋಗುತ್ತದೆ. ಸಂಜೀವಿನಿ ಸಂಘಗಳಲ್ಲಿ ಈಗಾಗಲೇ ಪಶು ಸಖಿಯರಾಗಿ ಇರುವವರಿಗೆ ಇದು ಹೇಳಿ ಮಾಡಿಸಿದ ಕೆಲಸ.

ಲೆಕ್ಕಕ್ಕೆಂದು ಒಂದು ಹಸುವಿಗೆ 20 ರೂಪಾಯಿ ಎಂದು ಇಟ್ಟುಕೊಳ್ಳಿ. 60 ಹಸುಗಳಿಗೆ ತಿಂಗಳಿಗೆ 1,200 ರೂಪಾಯಿ. ಇದರಿಂದ ಮನೆ ನಡೆಯುವುದಿಲ್ಲ, ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಆದರೆ ಅವೇ 60 ಮನೆಗಳಿಗೆ ಖನಿಜ ಮಿಶ್ರಣ, ಹಾಲು ಕರೆದ ಮೇಲೆ ಮೊಲೆ ಅದ್ದುವ ದ್ರಾವಣ, ಮೇವಿನ ಬೀಜ ಒದಗಿಸುವ ದಾರಿಯೂ ಇದೇ. ನಂಬಿಕೆ ಒಮ್ಮೆ ಬಂದರೆ ಬಾಗಿಲು ತೆರೆದೇ ಇರುತ್ತದೆ. ಒಳ್ಳೆಯ ಹಾಲು ಬಂದರೆ ಲಾಭ ಸಂಘಕ್ಕೂ ಇದೆ, ಆದ್ದರಿಂದ ಪರೀಕ್ಷೆಯ ಅರ್ಧ ಹಣ ಸಂಘ ಕೊಡಬಹುದೇ ಎಂದು ಸಭೆಯಲ್ಲಿ ಕೇಳಿ.

ಈ ಕೆಲಸಕ್ಕೆ ಮೂರು ಗಡಿಗಳಿವೆ, ಇವನ್ನು ದಾಟಬಾರದು.

ಒಂದು, ಪರೀಕ್ಷೆ ನಿಮ್ಮದು, ಚಿಕಿತ್ಸೆ ವೈದ್ಯರದು. ಬಾವು ಕಂಡರೆ ಚೀಟಿ ಬರೆದು ವೈದ್ಯರಿಗೆ ತಿಳಿಸಿ. ಆಂಟಿಬಯೋಟಿಕ್ ಟ್ಯೂಬು ನೀವೇ ಹಾಕುವಂತಿಲ್ಲ, ಮಾರುವಂತಿಲ್ಲ.

ಎರಡು, ಔಷಧಿ ಹಾಕಿದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬಾರದು.

ಮೂರು, ಒಂದು ಮನೆಯಿಂದ ಇನ್ನೊಂದಕ್ಕೆ ರೋಗ ಹೊತ್ತೊಯ್ಯುವವರು ನೀವಾಗಬಾರದು. ಪ್ರತಿ ಹಸುವಿನ ನಂತರ ಕೈ ಮತ್ತು ತಟ್ಟೆ ತೊಳೆಯಬೇಕು. ಊರಿನಲ್ಲಿ ಕಾಲುಬಾಯಿ ಜ್ವರ ಕಾಣಿಸಿದರೆ ಅದು ಪೂರ್ತಿ ಹೋಗುವವರೆಗೆ ಮನೆ ಮನೆ ತಿರುಗುವುದನ್ನು ನಿಲ್ಲಿಸಬೇಕು.

ಕೆಲಸ 2: ಚೀಲದಲ್ಲಿ ರಸಮೇವು

ಮಳೆಗಾಲದಲ್ಲಿ ಹಸಿರು ಮೇವು ತಿಂದು ಮಿಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಭತ್ತದ ಹುಲ್ಲೇ ಗತಿ. ಹಾಲು ಇಳಿಯುವುದೂ ಆಗಲೇ. ಶಿವಮೊಗ್ಗ ನಗರದ ಅಂಚಿನಲ್ಲಿ ಮತ್ತು ಭದ್ರಾವತಿ ಪಟ್ಟಣದೊಳಗೆ ಎರಡು ಮೂರು ಹಸು ಕಟ್ಟಿದವರಿಗೆ ಮೇವು ಬೆಳೆಯಲು ಜಾಗವೇ ಇಲ್ಲ. ಅವರೇ ನಿಮ್ಮ ಗಿರಾಕಿಗಳು.

ರಸಮೇವು ಎಂದರೆ ಹಸಿ ಮೇವಿನ ಉಪ್ಪಿನಕಾಯಿ ಎಂದುಕೊಳ್ಳಿ. ಮೆಕ್ಕೆಜೋಳದ ತೆನೆಯ ಕಾಳು ಹಾಲು ತುಂಬಿ ಹಿಟ್ಟಾಗುವ ಹಂತಕ್ಕೆ ಬಂದಾಗ ಇಡೀ ಗಿಡ ಕೊಯ್ಯಬೇಕು. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈ ಮಾತ್ರ ಒದ್ದೆಯಾಗಬೇಕು. ನೀರು ತೊಟ್ಟಿಕ್ಕಿದರೆ ಒಂದು ದಿನ ಬಾಡಿಸಿ. ಮಳೆ ಬರುವ ದಿನ ಕೊಯ್ಯಬೇಡಿ. ಬೆಳೆಗೆ ಕೀಟನಾಶಕ ಹೊಡೆದಿದ್ದರೆ ಡಬ್ಬಿಯ ಮೇಲೆ ಹೇಳಿದ ಕಾಯುವ ದಿನಗಳು ಮುಗಿದಿರಬೇಕು. 2ರಿಂದ 3 ಸೆಂಟಿಮೀಟರ್ ತುಂಡು ಮಾಡಿ, ಒಳಚೀಲವಿರುವ ದಪ್ಪ ಚೀಲದಲ್ಲಿ ತುಳಿದು ತುಳಿದು ತುಂಬಿ, ಗಾಳಿ ಹೊರಗೆ ಹಾಕಿ ಬಿಗಿಯಾಗಿ ಕಟ್ಟಬೇಕು. ಇಲಿ, ಹೆಗ್ಗಣ ಬರದ ಜಾಗದಲ್ಲಿ 45 ದಿನ ಇಟ್ಟರೆ ರಸಮೇವು ಸಿದ್ಧ. ಒಳ್ಳೆಯ ರಸಮೇವು ಹಳದಿ ಮಿಶ್ರಿತ ಹಸಿರು ಬಣ್ಣದ್ದಾಗಿದ್ದು ಹುಳಿ ವಾಸನೆ ಇರುತ್ತದೆ. ಕಪ್ಪಾದದ್ದು, ಬೂಸ್ಟು ಹಿಡಿದದ್ದು ತಿಪ್ಪೆಗೆ ಹೋಗಬೇಕು. ಅದನ್ನು ಗಬ್ಬದ ಹಸುವಿಗಂತೂ ಕೊಡಲೇಬಾರದು. ಮೊದಲ ಸಲ ದಿನಕ್ಕೆ 2–3 ಕಿಲೋದಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸಬೇಕು.

ಈಗ ಲೆಕ್ಕ. ಈ ದರಗಳು ಕಲಿಕೆಗಾಗಿ ನಾನು ಇಟ್ಟುಕೊಂಡವು. ನಿಮ್ಮ ಊರಿನ ದರ ಹಾಕಿ ನೀವೇ ಮತ್ತೊಮ್ಮೆ ಮಾಡಬೇಕು. 50 ಕಿಲೋದ ಒಂದು ಚೀಲಕ್ಕೆ:

– ಹಸಿ ಮೇವು 55 ಕಿಲೋ, ಕಿಲೋಗೆ 3 ರೂಪಾಯಿಯಂತೆ: 165
– ಕತ್ತರಿಸುವ ಯಂತ್ರದ ಬಾಡಿಗೆ: 25
– ಚೀಲ: 40
– ಕೂಲಿ: 40
– ಸಾಗಾಟ: 25
– ಒಟ್ಟು: 295 ರೂಪಾಯಿ

ಕಿಲೋಗೆ 7 ರೂಪಾಯಿಯಂತೆ ಮಾರಿದರೆ ಚೀಲಕ್ಕೆ 350 ರೂಪಾಯಿ. ನಮ್ಮ ಹೆಚ್ಚಿನ ಸಹೋದರಿಯರು ಇಲ್ಲಿ ಕೂಲಿಯನ್ನು ಬಿಟ್ಟುಬಿಡುತ್ತಾರೆ. 'ಮಾಡಿದ್ದು ನಾನೇ ಅಲ್ಲವೇ, ಕೂಲಿ ಯಾರಿಗೆ ಕೊಡಬೇಕು' ಎನ್ನುತ್ತಾರೆ. ಆಗ ಖರ್ಚು 255, ಲಾಭ 95 ಎಂದು ಕಾಣುತ್ತದೆ. ಅದು ಲಾಭವಲ್ಲ. ಅದರಲ್ಲಿ 40 ರೂಪಾಯಿ ನಿಮ್ಮ ಬೆವರಿನ ಬೆಲೆ. ಅದನ್ನು ಬೇರೆಯಾಗಿ ಬರೆಯದಿದ್ದರೆ, ನಾಳೆ ನಿಮಗೆ ಹುಷಾರಿಲ್ಲದೆ ಆಳು ಇಟ್ಟ ದಿನ ಲೆಕ್ಕ ತಪ್ಪುತ್ತದೆ.

ಇನ್ನೊಂದು ಮರೆಯುವ ಖರ್ಚು, ಕೆಟ್ಟುಹೋದ ಚೀಲ. ಹತ್ತು ಚೀಲಕ್ಕೆ ಖರ್ಚು 2,950 ರೂಪಾಯಿ. ಒಂದು ಕೆಟ್ಟು ಒಂಬತ್ತು ಮಾರಿದರೆ ಬರುವುದು 3,150. ಉಳಿಯುವುದು 200. ಹತ್ತೂ ಚೆನ್ನಾಗಿದ್ದು ಮಾರಿದರೆ ಬರುವುದು 3,500. ಉಳಿಯುವುದು 550. ಸರಿಯಾಗಿ ತುಳಿಯದ, ಇಲಿ ಕಚ್ಚಿದ ಒಂದೇ ಚೀಲ ನಿಮ್ಮ ಅರ್ಧಕ್ಕಿಂತ ಹೆಚ್ಚು ಲಾಭವನ್ನು ತಿಂದುಹಾಕುತ್ತದೆ. ಈ ಉದ್ಯಮದ ಗೆಲುವು ಸೋಲು ಇರುವುದು ತುಳಿತದಲ್ಲಿ, ಕಟ್ಟುವುದರಲ್ಲಿ.

ಆದ್ದರಿಂದ ಮೊದಲ ವರ್ಷ ಇಪ್ಪತ್ತೇ ಚೀಲ ಮಾಡಿ. ಹತ್ತು ನಿಮ್ಮ ಹಸುವಿಗೆ, ಹತ್ತು ಹಣ ಕೊಟ್ಟು ಕೊಳ್ಳುವ ಇಬ್ಬರು ಗಿರಾಕಿಗಳಿಗೆ. ಬಿಟ್ಟಿ ಕೊಟ್ಟರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಹಣ ಕೊಟ್ಟವರು ಮಾತ್ರ ನಿಜ ಹೇಳುತ್ತಾರೆ. ಅವರು ಎರಡನೇ ಸಲ ಕೇಳಿಕೊಂಡು ಬಂದರೆ ನಿಮ್ಮದು ಉದ್ಯಮ. ಯಂತ್ರವನ್ನು ಮೊದಲೇ ಕೊಳ್ಳಬೇಡಿ, ಹೋಬಳಿಯ ಕೃಷಿ ಯಂತ್ರಧಾರೆಯಲ್ಲಿ ಬಾಡಿಗೆಗೆ ವಿಚಾರಿಸಿ.

ಒಬ್ಬರೇ ಮಾಡಬೇಕೆಂದಿಲ್ಲ

ನೆರೆಯ ಆಂಧ್ರದ ಚಿತ್ತೂರು ಭಾಗದಲ್ಲಿ 2014ರಲ್ಲಿ ಶುರುವಾದ 'ಶ್ರೀಜಾ ಮಹಿಳಾ ಹಾಲು ಉತ್ಪಾದಕರ ಕಂಪನಿ'ಯಲ್ಲಿ ಸದಸ್ಯರೆಲ್ಲರೂ ಹೆಂಗಸರೇ. ಕಂಪನಿಯ ಒಡೆಯರೂ ಅವರೇ. ನಮ್ಮ ರಾಜ್ಯದಲ್ಲೂ 'ಸ್ಟೆಪ್' ಯೋಜನೆಯ ನೆರವಿನಿಂದ ನೂರಾರು ಮಹಿಳಾ ಹಾಲು ಸಂಘಗಳು ಬೆಳೆದಿವೆ. ಹಾಲು ಅಳೆಯುವುದು, ಪುಸ್ತಕ ಬರೆಯುವುದು, ಬಟವಾಡೆ ಮಾಡುವುದು ಗಂಡಸರ ಕೆಲಸ ಎಂಬ ಮಾತನ್ನು ಆ ಸಂಘಗಳು ಸುಳ್ಳು ಮಾಡಿವೆ. ಐದು ಮಂದಿ ಸೇರಿ ರಸಮೇವು ಮಾಡಿದರೆ ಒಬ್ಬರ ಜಮೀನು, ಒಬ್ಬರ ತೋಳು, ಒಬ್ಬರ ಲೆಕ್ಕ, ಒಬ್ಬರ ಗಾಡಿ, ಒಬ್ಬರ ಮಾತುಗಾರಿಕೆ ಎಲ್ಲವೂ ಬಂಡವಾಳವೇ. ಯಾರ ಪಾಲು ಎಷ್ಟು, ಬಿಟ್ಟು ಹೋಗುವವರಿಗೆ ಎಷ್ಟು ಎಂಬುದನ್ನು ಮಾತ್ರ ಮೊದಲ ದಿನವೇ ಕಾಗದದ ಮೇಲೆ ಬರೆದುಕೊಳ್ಳಿ.

ಹಣ ಎಲ್ಲಿಂದ?

ಗಿರಾಕಿ ಸಿಕ್ಕ ಮೇಲೆ ಸಾಲ. ಸಾಲ ಸಿಗುತ್ತದೆಂದು ಉದ್ಯಮ ಅಲ್ಲ. ಉಪಯೋಗಕ್ಕೆ ಬರುವ ಮೂರು ಯೋಜನೆಗಳು ಇಲ್ಲಿವೆ. ಅರ್ಜಿ ಹಾಕುವ ಮೊದಲು ಈ ಸಾಲಿನ ನಿಯಮವನ್ನು ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಉದ್ಯೋಗಿನಿ: ಮಹಿಳಾ ಅಭಿವೃದ್ಧಿ ನಿಗಮದ ಯೋಜನೆ. ಬ್ಯಾಂಕಿನ ಮೂಲಕ 3 ಲಕ್ಷದವರೆಗೆ ಸಾಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 50, ಇತರರಿಗೆ ಶೇ. 30 ಸಹಾಯಧನ. ಆದಾಯದ ಮಿತಿ ಇದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಪಿ.ಎಂ.ಎಫ್.ಎಂ.ಇ.: ತುಪ್ಪ, ಪೇಡ, ಖೋವಾದಂತಹ ಆಹಾರ ಪದಾರ್ಥ ಮಾಡುವವರಿಗೆ. ಕೇಂದ್ರದ ಶೇ. 35ಕ್ಕೆ ರಾಜ್ಯದ ಶೇ. 15 ಸೇರಿ ನಮ್ಮ ರಾಜ್ಯದಲ್ಲಿ ಶೇ. 50, ಗರಿಷ್ಠ 15 ಲಕ್ಷದವರೆಗೆ ಸಹಾಯಧನ. ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ರಾಷ್ಟ್ರೀಯ ಜಾನುವಾರು ಮಿಷನ್: ದೊಡ್ಡ ಪ್ರಮಾಣದ ರಸಮೇವು ಘಟಕಕ್ಕೆ ಶೇ. 50, ಗರಿಷ್ಠ 50 ಲಕ್ಷದವರೆಗೆ. ಇದು ಮೊದಲ ವರ್ಷದವರಿಗಲ್ಲ, ಇಪ್ಪತ್ತು ಚೀಲದಿಂದ ಸಾವಿರ ಚೀಲಕ್ಕೆ ಬೆಳೆದ ಗುಂಪಿಗೆ. ಪಶುಪಾಲನಾ ಇಲಾಖೆಯಲ್ಲಿ ವಿಚಾರಿಸಿ.

ತಾಂತ್ರಿಕ ಸಲಹೆಗೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯ, ನವುಲೆಯ ಕೃಷಿ ವಿಜ್ಞಾನ ಕೇಂದ್ರ, ಮಾಚೇನಹಳ್ಳಿಯ ನಮ್ಮ ಒಕ್ಕೂಟ ಮೂರೂ ನಿಮ್ಮ ಬಸ್ಸಿನ ದಾರಿಯಲ್ಲೇ ಇವೆ.

ಹೆಸರು ಯಾರದು?

ಕೊನೆಯ ಮಾತು, ಬಹುಶಃ ಮುಖ್ಯವಾದದ್ದು. ಎಷ್ಟೋ ಮನೆಗಳಲ್ಲಿ ಹಸು ಕಟ್ಟುವುದು, ಕರೆಯುವುದು, ಕ್ಯಾನು ಹೊರುವುದು ಹೆಂಗಸರು. ಸಂಘದ ಸದಸ್ಯತ್ವ, ಬ್ಯಾಂಕ್ ಪಾಸ್‌ಬುಕ್ಕು ಮಾತ್ರ ಗಂಡಸರ ಹೆಸರಿನಲ್ಲಿ. ಹಾಲಿನ ಹಣ, ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಹೋಗುವುದೂ ಆ ಖಾತೆಗೇ. ಮನೆಯಲ್ಲಿ ಹೊಂದಾಣಿಕೆ ಇದ್ದಾಗ ಇದು ಕಾಣುವುದಿಲ್ಲ. ಆದರೆ ಉದ್ಯಮಕ್ಕೆಂದು ಸಾಲ ಕೇಳಲು ಹೋದ ದಿನ ಬ್ಯಾಂಕಿನವರು ನೋಡುವುದು ನಿಮ್ಮ ಖಾತೆಯಲ್ಲಿ ಎಷ್ಟು ವರ್ಷ ಹಣ ಓಡಾಡಿದೆ ಎಂಬುದನ್ನು. ಅಲ್ಲಿ ನಿಮ್ಮ ಹತ್ತು ವರ್ಷದ ದುಡಿಮೆಗೆ ಒಂದು ಸಾಲಿನ ಸಾಕ್ಷಿಯೂ ಇಲ್ಲದಂತಾಗುತ್ತದೆ. ನಿಮ್ಮ ಹೆಸರಿನಲ್ಲಿ ಸದಸ್ಯತ್ವ ಪಡೆಯಿರಿ, ನಿಮ್ಮ ಹೆಸರಿನ ಖಾತೆಗೆ ಹಾಲಿನ ಹಣ ಬರಲಿ. ಉದ್ಯಮ ಶುರುವಾದರೆ 'ಉದ್ಯಮ್' ನೋಂದಣಿಯೂ ನಿಮ್ಮ ಹೆಸರಿನಲ್ಲೇ ಇರಲಿ. ಅದಕ್ಕೆ ಶುಲ್ಕವಿಲ್ಲ. ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಈ ತಿಂಗಳ ಅಭ್ಯಾಸ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬರೆಯಲು ಬಾರದಿದ್ದರೆ ಮಕ್ಕಳಿಂದ ಬರೆಸಿ.

1. ಏಳು ದಿನ, ಕೊಟ್ಟಿಗೆಯ ಕೆಲಸದಲ್ಲಿ ಯಾವುದಕ್ಕೆ ಎಷ್ಟು ಹೊತ್ತು ಹೋಯಿತು ಎಂದು ಬರೆಯಿರಿ.
2. ಅದರಲ್ಲಿ ನಿಮ್ಮನ್ನು ಹೆಚ್ಚು ಕಾಡಿದ ಒಂದು ತೊಂದರೆ ಗುರುತಿಸಿ.
3. ಅದೇ ತೊಂದರೆ ಇದೆಯೇ ಎಂದು ಹಾಲು ಹಾಕಲು ಬರುವ ಹತ್ತು ಮಂದಿಯನ್ನು ಕೇಳಿ.
4. 'ಇದನ್ನು ಯಾರಾದರೂ ಮಾಡಿಕೊಟ್ಟರೆ ಎಷ್ಟು ಕೊಡುತ್ತೀರಿ' ಎಂದು ಕೇಳಿ. ಉತ್ತರ ಬರೆದಿಡಿ.
5. ಹತ್ತರಲ್ಲಿ ಐವರಾದರೂ ಒಂದು ಮೊತ್ತ ಹೇಳಿದರೆ ಆ ಪುಟವನ್ನು ಮುಂದಿನ ಸಂಘದ ಸಭೆಗೆ ತನ್ನಿ.

ಸಭೆಗೆ ಬರುವ ವಿಸ್ತರಣಾಧಿಕಾರಿಗೆ ಆ ಪುಟ ತೋರಿಸಿ. ಮುಂದಿನ ಹೆಜ್ಜೆಯ ಲೆಕ್ಕವನ್ನು ಒಟ್ಟಿಗೆ ಕೂತು ಮಾಡೋಣ.